ತೊಟ್ಟಿಕ್ಕುವ ವಾಲ್ವಿನ ಬಾಯಿ ಮುಚ್ಚಬೇಡಿ

ರಾಯಚೂರಿನಲ್ಲಿ ಒಂದು ಭಾನುವಾರ ಪ್ಲಂಬರ್‌ಗಳು, ಮೇಸ್ತ್ರಿಗಳು ಮತ್ತು ಮನೆ ಕಟ್ಟಿಸುತ್ತಿರುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅವತ್ತು ಹೊತ್ತಾಯಿತು ಅಂತ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಈ ಹಿತ್ತಾಳೆ ತುಂಡನ್ನು ಮುಂದಿನ ಸಾಲಿನವರಿಗೆ ಕೊಡುತ್ತಿದ್ದೇನೆ. ಒಬ್ಬೊಬ್ಬರಾಗಿ ನೋಡಿ ಹಿಂದಿನವರಿಗೆ ದಾಟಿಸಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಇದೆ. ಒಂದು ಪಕ್ಕಕ್ಕೆ ಸಣ್ಣ ಮೂತಿ, ತಲೆ ಮೇಲೆ ಒಂದು ಪುಟ್ಟ ಹಿಡಿ. ಆ ಮೂತಿಯೊಳಗೆ ಬೆರಳಿಟ್ಟು ನೋಡಿ. ಸೋರಿಕೆ ಮುಚ್ಚಲು ಹಚ್ಚುವ ಎಂ-ಸೀಲ್ ಅಂಟು ತುಂಬಿ ಕಲ್ಲಿನಂತೆ ಗಟ್ಟಿಯಾಗಿದೆ. ಹೋದ ತಿಂಗಳು ನಮ್ಮ ಜಿಲ್ಲೆಯ ಒಂದು ಮನೆಯ ಗೀಸರಿನಿಂದ ನಾನೇ ಇದನ್ನು ಬಿಚ್ಚಿ ತಂದೆ. ಆ ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದಾರೆ. ದಿನಾ ಬೆಳಿಗ್ಗೆ ಅವರಿಗೆ ಆ ಗೀಸರಿನ ಕೆಳಗೇ ಜಳಕ.

ಗೀಸರಿಗೆ ತಣ್ಣೀರು ಹೋಗುವ ಬಾಯಿಗೆ ಕೂರಿಸುವ ವಾಲ್ವ್ ಇದು. ಅಂಗಡಿಯಲ್ಲಿ ಮಲ್ಟಿ ಫಂಕ್ಷನ್ ವಾಲ್ವ್ ಅಂತ ಕೇಳಿದರೆ ಕೊಡುತ್ತಾರೆ. ಸೇಫ್ಟಿ ವಾಲ್ವ್ ಅಂದರೂ ಗೊತ್ತಾಗುತ್ತದೆ. ಒಳಗೆ ಹೋದ ನೀರು ವಾಪಸ್ ಬರದಂತೆ ತಡೆಯುವುದು ಇದರ ಒಂದು ಕೆಲಸ. ಟ್ಯಾಂಕಿನೊಳಗೆ ಒತ್ತಡ ಮಿತಿ ಮೀರಿದರೆ ಆ ಮೂತಿಯಿಂದ ಸ್ವಲ್ಪ ನೀರು ಹೊರಗೆ ಬಿಡುವುದು ಇನ್ನೊಂದು ಕೆಲಸ. ನನ್ನ ಇವತ್ತಿನ ಮಾತೆಲ್ಲ ಈ ಎರಡನೇ ಕೆಲಸದ ಬಗ್ಗೆ.

ನಮ್ಮ ಅಜ್ಜಿ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಇತ್ತು. ಇಲ್ಲಿ ಐವತ್ತು ದಾಟಿದವರೆಲ್ಲ ಅಂಥ ಹಂಡೆ ನೀರಿನಲ್ಲೇ ಬೆಳೆದವರು. ಕೆಳಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಉರಿ. ಮೇಲೊಂದು ತಟ್ಟೆ ಮುಚ್ಚುತ್ತಿದ್ದರು, ಅಷ್ಟೇ. ಉರಿ ಜಾಸ್ತಿಯಾದರೆ ನೀರು ಕೊತಕೊತ ಕುದಿದು ತಟ್ಟೆ ಕುಣಿಯುತ್ತಿತ್ತು. ಆವಿ ಬಚ್ಚಲೆಲ್ಲ ತುಂಬುತ್ತಿತ್ತು. ಆದರೆ ಹಂಡೆ ಒಡೆದು ಹಾರಿದ್ದನ್ನು ಯಾರಾದರೂ ಕೇಳಿದ್ದೀರಾ? ಇಲ್ಲ. ಅದರ ಬಾಯಿ ತೆರೆದಿತ್ತು. ಹಿಗ್ಗಿದ ನೀರಿಗೆ, ಎದ್ದ ಆವಿಗೆ ಹೋಗಲು ದಾರಿ ಇತ್ತು.

ಗೀಸರ್ ಬಾಯಿ ಮುಚ್ಚಿದ ಹಂಡೆ. ಅದರಲ್ಲಿ ಯಾವಾಗಲೂ ನೀರು ಪೂರ್ತಿ ತುಂಬಿರುತ್ತದೆ. ಮೇಲೆ ಖಾಲಿ ಜಾಗ ಇರುವುದಿಲ್ಲ. ಈಗ ಒಂದು ಲೆಕ್ಕ ನೋಡೋಣ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ಎರಡು ದೊಡ್ಡ ಲೋಟ ಅಂತ ಇಟ್ಟುಕೊಳ್ಳಿ. ಗಾಳಿಯಾದರೆ ಅದುಮಿಕೊಂಡು ಕೂರುತ್ತದೆ. ನೀರು ಹಾಗೆ ಅದುಮಿಸಿಕೊಳ್ಳುವುದಿಲ್ಲ. ಆ ಎರಡು ಲೋಟ ನೀರು ಎಲ್ಲಾದರೂ ಹೋಗಲೇಬೇಕು, ಅಲ್ವಾ?

ತಣ್ಣೀರಿನ ಪೈಪಿನಲ್ಲಿ ತಡೆ ಇಲ್ಲದಿದ್ದರೆ ಅದು ಬಂದ ದಾರಿಯಲ್ಲೇ ಹಿಂದೆ ಸರಿದು ಮಾಳಿಗೆ ಮೇಲಿನ ಟ್ಯಾಂಕಿನ ಕಡೆ ಹೋಗುತ್ತದೆ. ಆದರೆ ಈ ವಾಲ್ವ್ ಹಾಕಿದ ಮೇಲೆ ಹಿಂದಿನ ದಾರಿ ಬಂದ್. ಬಿಸಿನೀರಿನ ನಲ್ಲಿ ಮುಚ್ಚಿದ್ದರೆ ಮುಂದಿನ ದಾರಿಯೂ ಬಂದ್. ಉಳಿಯುವುದು ಈ ಸಣ್ಣ ಮೂತಿ ಒಂದೇ. ಗೀಸರ್ ಕಾಯುವಾಗ ಇಲ್ಲಿಂದ ತೊಟ್ಟು ತೊಟ್ಟು ನೀರು ಬಂದರೆ ವಾಲ್ವ್ ಕೆಟ್ಟಿದೆ ಅಂತಲ್ಲ. ಅದು ತನ್ನ ಕೆಲಸ ಮಾಡುತ್ತಿದೆ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಂ ತುಂಬಿದಾಗ ಗೇಟ್ ಎತ್ತಿ ನೀರು ಬಿಡುತ್ತಾರೆ. ನಾವೆಲ್ಲ ಮುನಿರಾಬಾದಿಗೆ ಹೋಗಿ ನೋಡಿ ಖುಷಿಪಟ್ಟು ಬರುತ್ತೇವೆ. ಡ್ಯಾಂ ಸೋರುತ್ತಿದೆ, 33 ಗೇಟಿಗೂ ಗೋಡೆ ಕಟ್ಟಿ ಅಂತ ಯಾರೂ ಹೇಳುವುದಿಲ್ಲ. ಬಚ್ಚಲಿನಲ್ಲಿ ಮಾತ್ರ ಅದನ್ನೇ ಮಾಡುತ್ತೇವೆ.

ಇದನ್ನು ನಾನು ಬೇರೆಯವರ ತಪ್ಪು ಅಂತ ಹೇಳುತ್ತಿಲ್ಲ. ನಾನೇ ಮಾಡಿದ್ದೇನೆ.

ಪ್ಲಂಬಿಂಗ್ ಕೆಲಸಕ್ಕೆ ಬಂದ ಹೊಸದು. ಸಿಂಧನೂರಿನಲ್ಲಿ ಅಕ್ಕನ ಮನೆಯಲ್ಲಿ ಗೀಸರ್ ಕೂರಿಸಿದ್ದೆ. ವಾರ ಕಳೆಯಿತು, ಅಕ್ಕ ಫೋನ್ ಮಾಡಿದಳು. “ತಮ್ಮಾ, ಇದು ದಿನಾ ಸೋರತೈತಿ. ಬಚ್ಚಲ ಒಣಗವಲ್ದು. ಬಂದು ಬಂದ್ ಮಾಡಿ ಹೋಗು” ಅಂದಳು. ಹೋದೆ. ನೋಡಿದೆ. ನನಗೂ ಅದು ಸೋರಿಕೆ ಅಂತಲೇ ಅನಿಸಿತು. ಮೂತಿಗೆ ಟೆಫ್ಲಾನ್ ಸುತ್ತಿ, ಬಾಯಿ ಮುಚ್ಚುವ ಒಂದು ಎಂಡ್ ಕ್ಯಾಪ್ ಬಿಗಿದು ಬಂದೆ. ಅಕ್ಕ ಚಹಾ ಕೊಟ್ಟು ಕಳಿಸಿದಳು.

ಎರಡು ವರ್ಷ ಏನೂ ಆಗಲಿಲ್ಲ. ಏನೂ ಆಗದೆ ಇರುವುದೇ ಇದರಲ್ಲಿರುವ ಅಪಾಯ. ಪ್ರತಿ ಸಲ ನೀರು ಕಾದಾಗ ಆ ಎರಡು ಲೋಟದ ಹಿಗ್ಗು ಟ್ಯಾಂಕಿನ ತಗಡನ್ನು ಹೊರಕ್ಕೆ ತಳ್ಳುತ್ತದೆ. ನಲ್ಲಿ ತಿರುಗಿಸಿದರೆ ಒಳಕ್ಕೆ ಬರುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ದಿನಕ್ಕೆ ಎರಡು ಸಲ ಅಂದರೂ ಎರಡು ವರ್ಷಕ್ಕೆ ನೂರಾರು ಸಲ ಆಯಿತು. ಒಂದು ಬೆಳಿಗ್ಗೆ ತಳದ ವೆಲ್ಡಿಂಗ್ ಸೀಳಿತು. ಕುದಿಯುವಂಥ ನೀರು ಹೊರಗಿನ ಕವರ್ ಬಿಟ್ಟು ಧಾರೆಯಾಗಿ ಇಳಿಯಿತು. ಅಕ್ಕ ಆಗತಾನೆ ಟವೆಲ್ ತರಲು ಹೊರಗೆ ಬಂದಿದ್ದಳು. ಮೊಣಕಾಲಿನ ಕೆಳಗೆ ಸಿಡಿದದ್ದು ಬಿಟ್ಟರೆ ಅವಳಿಗೆ ಏನೂ ಆಗಲಿಲ್ಲ. ಗೋಡೆಯಿಂದ ಬಿಚ್ಚಿದ ಆ ಟ್ಯಾಂಕನ್ನು ನಾನು ಅಂಗಳದಲ್ಲಿಟ್ಟು ಬಹಳ ಹೊತ್ತು ನೋಡಿದೆ. ಅದರ ತಳ ಹೊಟ್ಟೆಯಂತೆ ಉಬ್ಬಿತ್ತು. ನಾನು ಬಿಗಿದ ಎಂಡ್ ಕ್ಯಾಪ್ ಹಾಗೇ ಹೊಳೆಯುತ್ತಿತ್ತು.

ಅವತ್ತು ಥರ್ಮೋಸ್ಟಾಟ್, ಅಂದರೆ ನೀರು ಕಾದ ಮೇಲೆ ಕರೆಂಟ್ ಕಡಿಯುವ ಸಾಧನ, ಸರಿಯಾಗಿ ಕೆಲಸ ಮಾಡುತ್ತಿತ್ತು. ಅದಕ್ಕೇ ಆದದ್ದು ಅಷ್ಟಕ್ಕೇ ನಿಂತಿತು. ಥರ್ಮೋಸ್ಟಾಟ್ ಕೂಡ ಅಂಟಿಕೊಂಡಿದ್ದರೆ ಕಥೆಯೇ ಬೇರೆ.

2000 ವ್ಯಾಟಿನ ಕಾಯಿಲ್ 25 ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ತರಲು ಸುಮಾರು 35 ನಿಮಿಷ ಬೇಕು. ಅಲ್ಲಿ ಥರ್ಮೋಸ್ಟಾಟ್ ಕರೆಂಟ್ ಕಡಿಯಬೇಕು. ಕಡಿಯಲಿಲ್ಲ ಅಂತ ಇಟ್ಟುಕೊಳ್ಳಿ. ಇನ್ನು ಅರ್ಧ ಗಂಟೆಯಲ್ಲಿ ನೀರು 100 ಡಿಗ್ರಿ ತಲುಪುತ್ತದೆ. ಸ್ವಿಚ್ ಹಾಕಿ, ಮಕ್ಕಳನ್ನು ಸ್ಕೂಲಿಗೆ ಬಿಡಲು ಹೋಗಿ, ದಾರಿಯಲ್ಲಿ ಯಾರೋ ಸಿಕ್ಕು ಮಾತಿಗೆ ನಿಂತರೆ ಮುಗಿಯಿತು. ಬಾಯಿ ಮುಚ್ಚಿದ ಟ್ಯಾಂಕಿನಲ್ಲಿ 100 ಡಿಗ್ರಿಗೆ ನೀರು ಕುದಿಯುವುದೂ ಇಲ್ಲ. ಒತ್ತಡ ಏರಿದಂತೆ ಕುದಿಯುವ ಬಿಂದುವೂ ಮೇಲೆ ಹೋಗುತ್ತದೆ. 3 ಬಾರ್ ಒತ್ತಡದಲ್ಲಿ ನೀರು ಕುದಿಯುವುದು ಹೆಚ್ಚು ಕಡಿಮೆ 143 ಡಿಗ್ರಿಗೆ. ಆ ಸ್ಥಿತಿಯಲ್ಲಿ ಟ್ಯಾಂಕ್ ಸೀಳಿದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ. ಒಳಗಿದ್ದ ನೀರಿನ ಒಂದು ಭಾಗ ಕಣ್ಣು ಮಿಟುಕಿಸುವುದರಲ್ಲಿ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1600 ಲೀಟರ್ ಜಾಗ ಬೇಕು. ಬಚ್ಚಲ ಗೋಡೆ, ಬಾಗಿಲು ಅದನ್ನು ತಡೆಯುವುದಿಲ್ಲ.

ನಾನು ಹರೆಯದಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಬಾಯ್ಲರ್ ರಿಪೇರಿ ಮುಗಿದ ಮೇಲೆ ಸೇಫ್ಟಿ ವಾಲ್ವ್ ಫ್ಲೋಟಿಂಗ್ ಅಂತ ಒಂದು ಪರೀಕ್ಷೆ ಮಾಡುತ್ತಿದ್ದರು. ಒತ್ತಡ ಏರಿಸುತ್ತಾ ಹೋಗಿ ವಾಲ್ವ್ ತಾನಾಗಿ ಸಿಡಿದು ತೆರೆಯುವವರೆಗೆ ಕಾಯಬೇಕು. ಆ ಸದ್ದು ಕೇಳಿದರೆ ಎದೆ ನಡುಗುತ್ತದೆ. ದೊಡ್ಡ ದೊಡ್ಡ ಎಂಜಿನಿಯರ್‌ಗಳು ಕಿವಿಗೆ ಹತ್ತಿ ಇಟ್ಟುಕೊಂಡು ಗೇಜ್ ನೋಡುತ್ತಾ ನಿಂತಿರುತ್ತಿದ್ದರು. ಗಂಗಾವತಿಯ, ಸಿಂಧನೂರಿನ ರೈಸ್ ಮಿಲ್‌ಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಅವರಿಗೂ ಗೊತ್ತು. ಮಿಲ್ಲಿನ ಬಾಯ್ಲರಿಗೆ ಎರಡೆರಡು ಸೇಫ್ಟಿ ವಾಲ್ವ್ ಇರುತ್ತವೆ. ಇನ್ಸ್‌ಪೆಕ್ಟರ್ ಬಂದು ನೋಡಿ ಸರ್ಟಿಫಿಕೇಟ್ ಕೊಡದೆ ಅದನ್ನು ಓಡಿಸುವಂತಿಲ್ಲ.

ನಮ್ಮ ಬಚ್ಚಲಿಗೆ ಆ ಇನ್ಸ್‌ಪೆಕ್ಟರ್ ಬರುವುದಿಲ್ಲ. ಯಾಕೆ ಅಂತ ತಿಳಿದುಕೊಳ್ಳಬೇಕು. 1923ರ ಬಾಯ್ಲರ್ ಕಾಯ್ದೆ, ಆಮೇಲೆ ಅದಕ್ಕೆ ಆದ ತಿದ್ದುಪಡಿ, ಈಗ 2025ರಲ್ಲಿ ಬಂದ ಹೊಸ ಕಾಯ್ದೆ, ಇವೆಲ್ಲ ಆವಿ ಹುಟ್ಟಿಸುವ ಪಾತ್ರೆಗಳಿಗೆ. 25 ಲೀಟರಿಗಿಂತ ಸಣ್ಣ ಪಾತ್ರೆ, 100 ಡಿಗ್ರಿಗಿಂತ ಕಡಿಮೆ ನೀರು ಕಾಯಿಸುವ ಪಾತ್ರೆ ಬಾಯ್ಲರ್ ಲೆಕ್ಕಕ್ಕೆ ಬರುವುದಿಲ್ಲ. ನೀರು 100 ದಾಟುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಗೀಸರನ್ನು ಮನೆಯೊಳಗೆ ಬಿಟ್ಟಿದ್ದೇವೆ. ಆ ನಂಬಿಕೆ ನಿಂತಿರುವುದು ಮೂರರ ಮೇಲೆ: ಥರ್ಮೋಸ್ಟಾಟ್, ಅದು ಕೈಕೊಟ್ಟರೆ ಬಿಸಿ ಮಿತಿ ಮೀರಿದಾಗ ಕರೆಂಟ್ ಕಡಿಯುವ ಥರ್ಮಲ್ ಕಟೌಟ್, ಅದೂ ಕೈಕೊಟ್ಟರೆ ಈ ವಾಲ್ವ್. ಕಟೌಟ್ ಪದೇ ಪದೇ ಬೀಳುತ್ತದೆ ಅಂತ ಅದನ್ನು ತಪ್ಪಿಸಿ ನೇರ ವೈರ್ ಕೊಟ್ಟು, ವಾಲ್ವಿಗೆ ಮುಚ್ಚಳ ಹಾಕಿದರೆ ಅದು ಗೀಸರ್ ಅಲ್ಲ, ಯಾರೂ ಪರೀಕ್ಷೆ ಮಾಡದ ಬಾಯ್ಲರ್. ಆಮೇಲೆ ಅದನ್ನು ನೋಡುವ ಇನ್ಸ್‌ಪೆಕ್ಟರ್ ಅಂದರೆ ಪಾನಾ ಹಿಡಿದ ನೀವೇ.

ಈಗ ಕೋಡ್ ವಿಷಯ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ, ಎನ್‌ಬಿಸಿ ಅನ್ನುತ್ತೇವಲ್ಲ, ಮೊದಲು ಬಂದದ್ದು 1970ರಲ್ಲಿ. 2016ರ ಆವೃತ್ತಿಯಲ್ಲಿ ಒಂಬತ್ತನೇ ಭಾಗ ಪ್ಲಂಬಿಂಗಿನದು. ಅದು ತಾನಾಗಿ ಕಾನೂನಲ್ಲ, ನಗರಸಭೆಯೋ ಪಾಲಿಕೆಯೋ ತನ್ನ ಬೈಲಾದಲ್ಲಿ ಸೇರಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಆದರೆ ಅದರಲ್ಲಿ ಬರೆದದ್ದು ಕಚೇರಿಯವರಿಗಾಗಿ ಅಲ್ಲ, ನಮ್ಮ ಮೈಮೇಲೆ ಬಿಸಿನೀರು ಬೀಳದಿರಲಿ ಅಂತ. ಅದರ ಒಂದು ನಿಯಮ ನನಗೆ ಬಹಳ ಇಷ್ಟ. ಬಿಸಿನೀರಿನ ಟ್ಯಾಂಕಿಗೆ ಗಾಳಿ ಪೈಪ್ ಕೊಟ್ಟರೆ ಅದು ಟ್ಯಾಂಕಿನ ಅತಿ ಎತ್ತರದ ಜಾಗದಿಂದ ಹೊರಡಬೇಕು, 20 ಮಿಲಿಮೀಟರಿಗಿಂತ ಸಣ್ಣದಿರಬಾರದು, ಅದಕ್ಕೆ ಯಾವ ವಾಲ್ವೂ ಇರಬಾರದು. ಎತ್ತರ ಎಷ್ಟು? ತಣ್ಣೀರಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ 150 ಮಿಲಿಮೀಟರ್ ಮೇಲೆ, ಜೊತೆಗೆ ಹೀಟರಿನ ತಳದಿಂದ ಆ ಮಟ್ಟದವರೆಗಿನ ಪ್ರತಿ 30 ಮಿಲಿಮೀಟರಿಗೆ ಇನ್ನೊಂದು ಮಿಲಿಮೀಟರ್. ಮೂರು ಮೀಟರ್ ಅಂತರ ಇದ್ದರೆ 150ಕ್ಕೆ 100 ಸೇರಿಸಿ 250. ಯಾಕೆ ಈ ಜಾಸ್ತಿ ಲೆಕ್ಕ? ಬಿಸಿನೀರು ಹಗುರ. ತಣ್ಣೀರು ಒಂದು ಮಟ್ಟದಲ್ಲಿ ನಿಂತರೆ ಅದಕ್ಕೆ ಎದುರಾದ ಬಿಸಿನೀರು ಪೈಪಿನಲ್ಲಿ ಸ್ವಲ್ಪ ಮೇಲೆ ನಿಲ್ಲುತ್ತದೆ.

ಇದು ನಮ್ಮ ಮಾಳಿಗೆಗಳ ಸೋಲಾರಿಗೆ ನೇರವಾಗಿ ತಾಗುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿಸಿಲು ನಿಮಗೇ ಗೊತ್ತು. ಏಪ್ರಿಲ್‌ನಲ್ಲಿ ಎರಡು ದಿನ ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಸೋಲಾರ್ ಟ್ಯಾಂಕ್ ಕುದಿಯುವ ಹತ್ತಿರ ಬರುತ್ತದೆ. ಟ್ಯಾಂಕಿನ ತಲೆ ಮೇಲೆ ಬಾಯಿ ತೆರೆದ ಒಂದು ಪೈಪ್ ನಿಂತಿರುತ್ತದಲ್ಲ, ಆವಿ ಹೋಗುವುದು ಅಲ್ಲಿಂದ. ನೀರು ಉಕ್ಕುತ್ತದೆ ಅಂತ ಕೆಲವರು ಅದಕ್ಕೆ ಎಂಡ್ ಕ್ಯಾಪ್ ಹಾಕುತ್ತಾರೆ. ಕಸ ಬೀಳುತ್ತದೆ ಅಂತ ಬಟ್ಟೆ ತುರುಕಿದ್ದನ್ನೂ ಕೊಪ್ಪಳದಲ್ಲಿ ನೋಡಿದ್ದೇನೆ. ಉಕ್ಕುತ್ತಿದ್ದರೆ ಪೈಪಿನ ಎತ್ತರ ಕಡಿಮೆಯಾಗಿದೆ ಅಂತ ಅರ್ಥ, ಇನ್ನೊಂದು ತುಂಡು ಸೇರಿಸಿ ಎತ್ತರಿಸಿ. ಮುಚ್ಚಿದರೆ ಬಿಸಿಗೆ ಟ್ಯಾಂಕ್ ಉಬ್ಬಬಹುದು. ಇನ್ನೊಂದು ಕಡೆ, ತಣ್ಣೀರು ಬರುವುದು ನಿಂತಾಗ ಒಳಗಿನ ನೀರು ಕೆಳಗಿಳಿದರೆ ಗಾಳಿ ಸಿಗದೆ ಟ್ಯಾಂಕ್ ಒಳಕ್ಕೆ ಸೆಳೆದುಕೊಂಡು ಅಪ್ಪಚ್ಚಿಯಾಗಬಹುದು.

ಬೇರೆ ದೇಶಗಳಲ್ಲಿ ಈ ವಾಲ್ವಿನ ಬಗ್ಗೆ ಇನ್ನೂ ಬಿಗಿ. ಅಮೆರಿಕದಲ್ಲಿ ಒತ್ತಡ ಮತ್ತು ಬಿಸಿ ಎರಡಕ್ಕೂ ತೆರೆಯುವ ವಾಲ್ವ್ ಕಡ್ಡಾಯ. ಅದು ಸಾಮಾನ್ಯವಾಗಿ ಸುಮಾರು 10 ಬಾರ್ ಒತ್ತಡಕ್ಕೆ ಅಥವಾ 99 ಡಿಗ್ರಿ ಬಿಸಿಗೆ ತೆರೆಯುತ್ತದೆ. 99 ಯಾಕೆ ಅಂತ ನಿಮಗೀಗ ಕೇಳದೆಯೇ ಗೊತ್ತು. ಆ ವಾಲ್ವಿನಿಂದ ಹೊರಡುವ ಪೈಪಿಗೂ ಅಲ್ಲಿ ನಿಯಮ ಇದೆ. ವಾಲ್ವಿನ ಬಾಯಿಗಿಂತ ಸಣ್ಣದಿರಬಾರದು. ಇಳಿಜಾರಾಗಿ ಕೆಳಗೇ ಹೋಗಬೇಕು. ತುದಿ ನೆಲದಿಂದ ಆರು ಇಂಚಿನೊಳಗೆ ಮುಗಿಯಬೇಕು. ಆ ತುದಿಗೆ ಥ್ರೆಡ್ ಇರಬಾರದು. ಥ್ರೆಡ್ ಇದ್ದರೆ ನನ್ನಂಥವನೊಬ್ಬ ಬಂದು ಎಂಡ್ ಕ್ಯಾಪ್ ಬಿಗಿದು ಹೋಗುತ್ತಾನೆ ಅಂತ ಆ ನಿಯಮ ಬರೆದವರಿಗೆ ಗೊತ್ತಿತ್ತು. ಇದನ್ನು ಮೊದಲ ಸಲ ಓದಿದ ದಿನ ನನಗೆ ಅಕ್ಕನ ಮನೆ ಟ್ಯಾಂಕ್ ಕಣ್ಣ ಮುಂದೆ ಬಂತು.

ನಮ್ಮಲ್ಲಿ ಸ್ಟೋರೇಜ್ ಗೀಸರಿಗೆ ಐಎಸ್ 2082 ಅನ್ನುವ ಮಾನದಂಡ ಇದೆ, ಐಎಸ್‌ಐ ಗುರುತು ಕಡ್ಡಾಯ. ಗೀಸರಿನ ಮೈಮೇಲೆ ಅದು ತಡೆಯುವ ಒತ್ತಡ ಬರೆದಿರುತ್ತದೆ, ಹಲವು ಕಂಪನಿಗಳದು 8 ಬಾರ್. ಹತ್ತು ಮೀಟರ್ ಎತ್ತರದ ನೀರು ಒಂದು ಬಾರ್ ಒತ್ತಡ ಕೊಡುತ್ತದೆ. ಎರಡಂತಸ್ತಿನ ಮನೆಯಲ್ಲಿ ಮಾಳಿಗೆ ಟ್ಯಾಂಕಿನಿಂದ ಬರುವುದು ಒಂದು ಬಾರ್ ಕೂಡ ಇರುವುದಿಲ್ಲ. ಹಾಗಾಗಿ ಕೆಲವು ಮೇಸ್ತ್ರಿಗಳು ಸುಮ್ನೆ ಯಾಕೆ ವಾಲ್ವ್ ಅಂತ ಬಿಟ್ಟುಬಿಡುತ್ತಾರೆ. ಟ್ಯಾಂಕ್ ಒಡೆಯುವುದು ಮಾಳಿಗೆಯಿಂದ ಬರುವ ಒತ್ತಡಕ್ಕಲ್ಲ, ಒಳಗೆ ಕಾದಾಗ ಹುಟ್ಟುವ ಒತ್ತಡಕ್ಕೆ. ಈಗ ಶವರ್ ಜೋರಾಗಿ ಬರಲಿ ಅಂತ ಪ್ರೆಶರ್ ಪಂಪ್ ಬೇರೆ ಹಾಕಿಸುತ್ತಿದ್ದಾರೆ. ಅಂಥ ಮನೆಯಲ್ಲಂತೂ ವಾಲ್ವ್ ಬಿಡುವ ಮಾತೇ ಇಲ್ಲ.

ಕೂರಿಸುವಾಗ ಆಗುವ ಒಂದು ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಆಂಗಲ್ ಕಾಕ್, ಅಂದರೆ ತಣ್ಣೀರು ಬಂದ್ ಮಾಡುವ ಸಣ್ಣ ನಲ್ಲಿ, ಯಾವತ್ತೂ ಗೋಡೆ ಮತ್ತು ವಾಲ್ವಿನ ಮಧ್ಯೆ ಇರಬೇಕು. ವಾಲ್ವ್ ಮತ್ತು ಗೀಸರಿನ ಮಧ್ಯೆ ಕಾಕ್ ಹಾಕಿದರೆ, ಯಾರೋ ಅದನ್ನು ತಿರುಗಿಸಿದ ದಿನ ಸೇಫ್ಟಿ ವಾಲ್ವ್ ಇದ್ದೂ ಇಲ್ಲದಂತೆ. ವಾಲ್ವಿನ ಮೇಲಿನ ಬಾಣದ ಗುರುತು ಗೀಸರಿನ ಕಡೆ ಇರಲಿ. ಬಿಸಿನೀರಿನ ಲೈನಿಗೆ ಬಿಳಿ ಪಿವಿಸಿ ಪೈಪ್ ಬೇಡ, ಬಿಸಿ ತಡೆಯುವ ಸಿಪಿವಿಸಿ ಹಾಕಿ.

ನಮ್ಮ ನೀರಿನ ಬಗ್ಗೆ ಹೇಳದಿದ್ದರೆ ಈ ಮಾತು ಬೇರೆ ಊರಿನದಾಗುತ್ತದೆ. ನಮ್ಮ ಬೋರಿನ ನೀರು ಗಡುಸು. ತಪ್ಪಲೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ಸುಣ್ಣ ಕಾಯಿಲ್ ಮೇಲೆ, ಥರ್ಮೋಸ್ಟಾಟ್ ಕೊಳವೆ ಮೇಲೆ, ಈ ವಾಲ್ವ್ ಮುಚ್ಚಿಕೊಳ್ಳುವ ಜಾಗ, ಅಂದರೆ ಸೀಟಿನ ಮೇಲೆ ಕೂರುತ್ತದೆ. ಮೇಲಾಗಿ ನಾವು ಮಾರ್ಚಿನಿಂದ ಗೀಸರ್ ಮುಟ್ಟುವುದೇ ಇಲ್ಲ. ಕರಿ ಟ್ಯಾಂಕಿನ ನೀರೇ ಮೈ ಸುಡುವಷ್ಟು ಕಾದಿರುತ್ತದೆ. ಅಷ್ಟೂ ತಿಂಗಳು ವಾಲ್ವ್ ಅಲುಗಾಡದೆ ಕೂತು ಸುಣ್ಣಕ್ಕೆ ಅಂಟಿಕೊಳ್ಳುತ್ತದೆ. ಮತ್ತೆ ಸ್ವಿಚ್ ಹಾಕುವುದು ದೀಪಾವಳಿ ಹೊತ್ತಿಗೆ.

ನನ್ನದೊಂದು ಕೋರಿಕೆ. ನೀರು ತುಂಬುವ ಹಬ್ಬದ ದಿನ ನಮ್ಮ ತಾಯಂದಿರು ಹಂಡೆ ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಪೂಜೆ ಮಾಡಿ ನೀರು ತುಂಬುತ್ತಿದ್ದರು. ಈಗ ಹಂಡೆಯ ಜಾಗದಲ್ಲಿ ಗೀಸರ್ ಇದೆ. ಅದೇ ದಿನ ಮೇನ್ ಸ್ವಿಚ್ ಆಫ್ ಮಾಡಿ, ಕೆಳಗೊಂದು ಬಕೆಟ್ ಇಟ್ಟು, ವಾಲ್ವಿನ ಹಿಡಿ ಎತ್ತಿ ನೋಡಿ. ನೀರು ಸಲೀಸಾಗಿ ಬಂದು, ಹಿಡಿ ಬಿಟ್ಟಾಗ ನಿಂತರೆ ವಾಲ್ವ್ ಬದುಕಿದೆ. ಹಿಡಿ ಏಳದಿದ್ದರೆ, ನೀರು ಬರದಿದ್ದರೆ ಹೊಸದು ಹಾಕಿಸುವವರೆಗೆ ಗೀಸರ್ ಹಚ್ಚಬೇಡಿ.

ಕರೆಂಟಿನದು ಇನ್ನೊಂದು ದಿನದ ಮಾತು. ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಗೀಸರ್ ಬೇಡ, 6 ಆಂಪಿನ ಸಾಕೆಟ್ಟಿಗೆ ಸಿಕ್ಕಿಸಬೇಡಿ ಅಂತಷ್ಟೇ ಹೇಳುತ್ತೇನೆ. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಇಡಲೇಬೇಡಿ. ಮುಚ್ಚಿದ ಬಚ್ಚಲಿನಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಒಳಗಿದ್ದವರಿಗೆ ಗೊತ್ತಾಗುವುದಿಲ್ಲ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಮಾನ್ವಿ ಕಡೆಯ ಒಬ್ಬ ಯುವಕ ಕೇಳಿದ: “ಸರ್, ಹಗಲು ರಾತ್ರಿ ಸೋರ್ತದ ಅಂತ ಮನೆಯವರು ಬೈತಾರ. ನಾ ಬಂದ್ ಮಾಡಲಿಲ್ಲಂದ್ರ ಬ್ಯಾರೆಯವನ್ನ ಕರಸ್ತಾರ. ಏನ್ ಮಾಡ್ಲಿ?”

ಮೊದಲು ಯಾವಾಗ ಸೋರುತ್ತದೆ ಅಂತ ನೋಡಪ್ಪಾ ಅಂದೆ. ಕಾಯುವಾಗ ಮಾತ್ರ ತೊಟ್ಟಿಕ್ಕಿ ಆಮೇಲೆ ನಿಂತರೆ ಅದು ಸರಿಯಾಗಿದೆ. ಆ ಎರಡು ಲೋಟದ ಲೆಕ್ಕವನ್ನು ಮನೆಯವರಿಗೆ ಕೂತು ಹೇಳು. ಗೀಸರ್ ಆಫ್ ಇದ್ದಾಗಲೂ, ತಣ್ಣಗಿದ್ದಾಗಲೂ ಸೋರಿದರೆ ಸೀಟಿನ ಮೇಲೆ ಕಸ ಅಥವಾ ಸುಣ್ಣ ಕೂತಿದೆ, ಇಲ್ಲವೇ ಪಂಪಿನ ಒತ್ತಡ ಜಾಸ್ತಿ ಇದೆ. ಹಿಡಿ ಎತ್ತಿ ನೀರು ಹರಿಸಿ ನೋಡು. ನಿಲ್ಲದಿದ್ದರೆ ಅದೇ ಒತ್ತಡದ ಹೊಸ ವಾಲ್ವ್ ಹಾಕು. ಎರಡೂ ಕಡೆ ಮಾಡಬೇಕಾದ ಕೆಲಸ ಒಂದಿದೆ. ಮೂತಿಗೆ ಬಿಸಿ ತಡೆಯುವ ಸಣ್ಣ ಪೈಪ್ ಸಿಕ್ಕಿಸಿ, ಗೋಡೆಗುಂಟ ಕ್ಲಾಂಪ್ ಹೊಡೆದು, ಬಚ್ಚಲ ಜಾಲಿ ಹತ್ತಿರ ನೆಲಕ್ಕೆ ಇಳಿಸು. ತುದಿ ಕಣ್ಣಿಗೆ ಕಾಣುವಂತಿರಲಿ, ಜಾಲಿಯೊಳಗೆ ಹೂತು ಹಾಕಬೇಡ. ನೆಲ ಒಣಗಿದ್ದರೆ ಮನೆಯವರು ಬೈಯುವುದಿಲ್ಲ. ಅಷ್ಟಾದರೂ ಮುಚ್ಚಲೇಬೇಕು ಅಂದರೆ ಆ ಕೆಲಸ ಬಿಟ್ಟು ಬಾ. ಹೊಟ್ಟೆಪಾಡು ನನಗೂ ಗೊತ್ತು, ಆದರೂ ಬಿಟ್ಟು ಬಾ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಹಿರಿಯರದು. ಅವರ ಮನೆಯ ವಾಲ್ವ್ ಏಳೆಂಟು ವರ್ಷದಿಂದ ಯಾರೂ ಮುಟ್ಟಿಲ್ಲವಂತೆ. ಇವತ್ತೇ ಹೋಗಿ ಹಿಡಿ ಎತ್ತಲಾ ಅಂತ ಕೇಳಿದರು. ಇವತ್ತು ಎತ್ತಬೇಡಿ ಅಂದೆ. ಅಷ್ಟು ಹಳೆಯದನ್ನು ಒಮ್ಮೆ ಎತ್ತಿದರೆ ಸುಣ್ಣದ ಚೂರು ಸಿಕ್ಕಿಕೊಂಡು ಮತ್ತೆ ಕೂರದೆ ಇರಬಹುದು, ಆಗ ನೀರು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆರೆದ ಮೇಲೆ, ಹೊಸ ವಾಲ್ವ್ ಕೈಯಲ್ಲಿಟ್ಟುಕೊಂಡು, ಆಂಗಲ್ ಕಾಕ್ ತಿರುಗುತ್ತದೆಯೇ ಅಂತ ಮೊದಲು ನೋಡಿಕೊಂಡು, ಆಮೇಲೆ ಎತ್ತಿ. ಅಲ್ಲಿಯವರೆಗೆ ಸ್ವಿಚ್ ಆಫ್ ಇರಲಿ, ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.